ಮ್ಯಾನ್‌ಹೋಲ್ ಲೆಕ್ಕ: ಒಂದು ಕೆಮಿಕಲ್ ಎಂಜಿನಿಯರಿಂಗ್ ತರಗತಿಯ ಅನುಭವ

ಕೆಮಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದವರಿಗೆ ನಾನು ಮೆಟೀರಿಯಲ್ ಬ್ಯಾಲೆನ್ಸ್ ಕಲಿಸುತ್ತೇನೆ. ಮೊದಲ ದಿನ ಹಲಗೆಯ ಮೇಲೆ ಒಂದು ಚೌಕ ಬರೆದು, ಸುತ್ತ ಚುಕ್ಕೆಗೆರೆ ಎಳೆದು, ‘ಇದು ಸಿಸ್ಟಮ್ ಬೌಂಡರಿ, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ಲೆಕ್ಕ ಇಡಿ’ ಎನ್ನುವುದು ರೂಢಿ. ಹೊರಗೆ ಹೋದದ್ದು ಯಾರ ಮನೆಯ ಮುಂದೆ ಬಿತ್ತು ಎಂದು ವರ್ಷಗಟ್ಟಲೆ ನಾನೂ ಕೇಳಿರಲಿಲ್ಲ.

ಪಾಠದಲ್ಲಿ ಭೋಪಾಲ್ ಅನಿಲ ದುರಂತ ಇತ್ತು, ನಿಜ. 1984ರ ಡಿಸೆಂಬರ್, ಮೀಥೈಲ್ ಐಸೊಸಯನೇಟ್ ಎಂಬ ವಿಷದ ಟ್ಯಾಂಕಿಗೆ ನುಗ್ಗಿದ ನೀರು, ನಿಲ್ಲಿಸಿಟ್ಟಿದ್ದ ಶೀತಲ ಘಟಕ. ಕಾರ್ಖಾನೆಯ ಎದುರಿಗೇ ಬಡವರ ಬಸ್ತಿಗಳಿದ್ದವು ಎಂಬುದಕ್ಕೆ ಸಿಗುತ್ತಿದ್ದದ್ದು ಒಂದೇ ಸಾಲು. ಮಕ್ಕಳು ಅದನ್ನು ಇತಿಹಾಸದ ಪಾಠದಂತೆ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಅದಕ್ಕೇ ಬೀದಿಯ ಮ್ಯಾನ್‌ಹೋಲ್ ಹಿಡಿದೆ.

ಲೆಕ್ಕ ಸರಳ. ಒಂದು ಮೀಟರ್ ವ್ಯಾಸ, ಮೂರು ಮೀಟರ್ ಆಳದ ಗುಂಡಿ. 25 ಡಿಗ್ರಿ ಸೆಲ್ಸಿಯಸ್‌ನ ಗಾಳಿ. ಅದರಲ್ಲಿ ಚರಂಡಿಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್ 700 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 700 ಪಾಲು, ಆಗಲು ಎಷ್ಟು ಗ್ರಾಂ ಬೇಕು? ಆ ಮಟ್ಟದಲ್ಲಿ ಮನುಷ್ಯ ಕ್ಷಣಗಳಲ್ಲೇ ಎಚ್ಚರ ತಪ್ಪಿ ಬೀಳುತ್ತಾನೆ. ಮಕ್ಕಳು ಕಿಲೋಗಳಲ್ಲಿ ಊಹಿಸಿದರು. ಉತ್ತರ ಸುಮಾರು 2.3 ಗ್ರಾಂ, ಅರ್ಧ ಚಮಚ ಸಕ್ಕರೆಯ ತೂಕ. ಹಿಂದಿನ ಬೆಂಚಿನ ಹುಡುಗನೊಬ್ಬ ಕ್ಯಾಲ್ಕುಲೇಟರ್ ಅನ್ನು ಮೂರು ಸಲ ಒತ್ತಿ ನೋಡಿದ. ‘ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಗೊತ್ತಾಗುವುದಿಲ್ಲವೇ ಮೇಡಂ?’ ಎಂದು ಒಬ್ಬಳು ಕೇಳಿದಳು. 100 ಪಿಪಿಎಂ ಹೊತ್ತಿಗೆ ಮೂಗು ಸೋಲುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಎಂದುಕೊಂಡವನು ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಕಾಲಿಟ್ಟು ಹೂಳು ಕದಡಿದೊಡನೆ ಅದರಲ್ಲಿ ಸಿಕ್ಕಿಕೊಂಡಿದ್ದ ಅನಿಲ ಮೇಲೇಳುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

ಅಲ್ಲಿಂದ ಕಾನೂನಿಗೆ ಹೋದೆವು. ರಕ್ಷಣಾ ಸಾಧನವಿಲ್ಲದೆ ಚರಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಈ ಪದ್ಧತಿಯ ವಿರುದ್ಧ ದೇಶವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೇ ಹುಟ್ಟಿದವರು ಎಂದಾಗ ಅರ್ಧ ತರಗತಿ ತಲೆ ಎತ್ತಿತು. ಇಳಿಯುವವರು ಯಾವ ಜಾತಿಯವರು ಎಂಬ ಪ್ರಶ್ನೆಯನ್ನು ನಾನು ಎತ್ತುವ ಮೊದಲೇ ಮಕ್ಕಳು ಎತ್ತಿದರು.

ಆ ಹುಮ್ಮಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ‘ನಿಮ್ಮ ಬಡಾವಣೆಯ ಪೌರಕಾರ್ಮಿಕರೊಬ್ಬರನ್ನು ಮಾತನಾಡಿಸಿಕೊಂಡು ಬಂದು ತರಗತಿಯಲ್ಲಿ ಹೇಳಿ’ ಎಂದೆ. ಮರುದಿನ ಒಬ್ಬ ವಿದ್ಯಾರ್ಥಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮೇಡಂ, ನಾನು ಮಾತನಾಡಿಸಬೇಕಾದವರು ಮನೆಯಲ್ಲೇ ಇದ್ದಾರೆ. ತರಗತಿಯಲ್ಲಿ ಹೇಳಲಾರೆ’ ಎಂದ. ಮುಜುಗರದಿಂದ ನನಗೆ ಮಾತು ಹೊರಡಲಿಲ್ಲ. ಎಲ್ಲರನ್ನೂ ಒಳಗೊಳ್ಳುವ ಪಾಠ ಎಂದು ಹೊರಟವಳು ಒಬ್ಬನನ್ನು ಪ್ರದರ್ಶನಕ್ಕೆ ನಿಲ್ಲಿಸುವುದರಲ್ಲಿದ್ದೆ. ಆ ಕೆಲಸವನ್ನು ಅಂದೇ ರದ್ದು ಮಾಡಿದೆ. ಈಗ ಸಮಸ್ಯೆಯನ್ನು ಕೊಡುತ್ತೇನೆ, ಯಾರ ಮನೆಯ ಕಥೆಯನ್ನೂ ಕೇಳುವುದಿಲ್ಲ.

ಪ್ರಯೋಗಾಲಯದಲ್ಲೂ ಅದೇ ವರ್ಷ ಕಣ್ಣು ತೆರೆಯಿತು. ವಾಲ್ವ್ ತಿರುಗಿಸುವುದು, ಫಿಲ್ಟರ್ ಪ್ರೆಸ್ ಬಿಗಿಮಾಡುವುದು ಹುಡುಗರು. ‘ನಿನ್ನ ಅಕ್ಷರ ಚೆನ್ನಾಗಿದೆ’ ಎಂದು ರೀಡಿಂಗ್ ಬರೆಯಲು ಕೂರಿಸುವುದು ಹುಡುಗಿಯರನ್ನು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು! ಈಗ ವಾರಕ್ಕೊಮ್ಮೆ ಕೆಲಸ ಬದಲಾಗುವ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವರು ಮೌಖಿಕ ಪರೀಕ್ಷೆಯಲ್ಲಿ ಕನ್ನಡದಲ್ಲೇ ವಿವರಿಸಬಹುದು. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.

ಅಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಹುಡುಗ ಸೆಮಿಸ್ಟರಿನ ಕೊನೆಗೆ ಮತ್ತೆ ಬಂದ. ‘ಸಕ್ಕಿಂಗ್ ಯಂತ್ರದ ಲಾರಿ ನಮ್ಮ ಓಣಿಗೆ ಬರುವುದಿಲ್ಲ ಮೇಡಂ. ಮೂಲೆಯಲ್ಲಿ ನಿಲ್ಲುತ್ತದೆ. ಪೈಪ್ ಸಾಲದು, ಆಗ ಮನುಷ್ಯ ಇಳಿಯಬೇಕಾಗುತ್ತದೆ’ ಎಂದ. ಪೈಪ್ ಉದ್ದ ಮಾಡಿದರೆ ಆಯಿತಲ್ಲ ಎಂದೆ, ಬೇಕೆಂದೇ. ಎರಡು ದಿನ ಬಿಟ್ಟು ನಾಲ್ಕು ಹಾಳೆ ತಂದ. ವಾತಾವರಣದ ಒತ್ತಡ ಕೊಡುವುದು ಹೆಚ್ಚೆಂದರೆ ಹತ್ತು ಮೀಟರ್ ನೀರಿನ ಹೆಡ್, ಅಂದರೆ ನೀರನ್ನು ಹತ್ತು ಮೀಟರ್ ಏರಿಸುವಷ್ಟು ಬಲ, ಅದರಲ್ಲಿ ಗುಂಡಿಯ ಆಳಕ್ಕೇ ಮೂರು ಹೋಯಿತು, ಉಳಿದದ್ದನ್ನು ಪೈಪಿನ ಘರ್ಷಣೆ ತಿನ್ನುತ್ತದೆ. ಹೂಳಿನ ಸ್ನಿಗ್ಧತೆಗೆ, ಅಂದರೆ ಹರಿಯಲು ಅದು ಒಡ್ಡುವ ತಡೆಗೆ, ನೀರಿನ ಅಂಕಿಯನ್ನೇ ಹಾಕಿದ್ದ. ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಮೊದಲ ಹಾಳೆಯ ಚಿತ್ರದಲ್ಲಿ ಚುಕ್ಕೆಗೆರೆ ಲಾರಿಯಿಂದ ಹೊರಟು ಓಣಿಯುದ್ದಕ್ಕೂ ಸಾಗಿ ಗುಂಡಿಯ ತಳದವರೆಗೆ ಹೋಗಿತ್ತು.