ಹಳೆಯ ಕೀಬೋರ್ಡ್, ಹೊಸ ಐಪ್ಯಾಡ್: ನನ್ನ ಅನುಭವ

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದ ಲೆಕ್ಕವನ್ನು ಹಾಸನದ ಮನೆಯಲ್ಲಿ ಕುಳಿತು ಬರೆಯಲು ನಾನು 9ನೇ ಪೀಳಿಗೆಯ ಐಪ್ಯಾಡನ್ನೂ ಅದಕ್ಕೆ ಅಂಟಿಕೊಳ್ಳುವ ಸ್ಮಾರ್ಟ್ ಕೀಬೋರ್ಡನ್ನೂ ಬಳಸುತ್ತಿದ್ದೆ. ಆ ಐಪ್ಯಾಡ್ ಮಗಳ ಪಾಲಾದ ಮೇಲೆ 10ನೇ ಪೀಳಿಗೆಯದನ್ನು ಕೊಂಡೆ. ಕೀಬೋರ್ಡ್ ಹೇಗೂ ಇದೆಯಲ್ಲ ಎಂಬುದು ನನ್ನ ಎಣಿಕೆಯಾಗಿತ್ತು.

ಎರಡೂ ಐಪ್ಯಾಡ್‌ಗಳ ಅಂಚಿನಲ್ಲಿ ಕೀಬೋರ್ಡ್ ಜೋಡಣೆಯ ಮೂರು ಲೋಹದ ಚುಕ್ಕಿಗಳಿರುವುದನ್ನು ಕಂಡು ನಾನು ಮೋಸಹೋದೆ. ಕೀಬೋರ್ಡನ್ನು ಹಿಡಿದರೆ ಅದು ಸರಿಯಾಗಿ ಕೂರಲಿಲ್ಲ, ಒಂದು ಅಕ್ಷರವೂ ಮೂಡಲಿಲ್ಲ. ಚುಕ್ಕಿಗಳನ್ನು ಒಣಬಟ್ಟೆಯಿಂದ ಒರೆಸಿ, ಐಪ್ಯಾಡನ್ನು ಎರಡು ಬಾರಿ ಆರಿಸಿ ಹಚ್ಚಿ, ಒಂದು ಸಂಜೆಯನ್ನೇ ಹಾಳುಮಾಡಿಕೊಂಡೆ.

ಕಾರಣ ಸರಳವಾಗಿತ್ತು. 2021ರ 9ನೇ ಪೀಳಿಗೆಯ ಪರದೆ 10.2 ಇಂಚಿನದು, 2022ರ 10ನೇ ಪೀಳಿಗೆಯದು 10.9 ಇಂಚಿನದು, ಮೈಕಟ್ಟೂ ಬೇರೆ. ಹಳೆಯ ಸ್ಮಾರ್ಟ್ ಕೀಬೋರ್ಡ್ 7, 8, 9ನೇ ಪೀಳಿಗೆಗಳಿಗೂ 3ನೇ ಪೀಳಿಗೆಯ ಐಪ್ಯಾಡ್ ಏರ್‌ಗೂ 10.5 ಇಂಚಿನ ಐಪ್ಯಾಡ್ ಪ್ರೋಗೂ ಹೊಂದುತ್ತದೆಯೇ ಹೊರತು ಹತ್ತನೆಯದಕ್ಕಲ್ಲ. ಅದಕ್ಕಿರುವುದು ಮ್ಯಾಜಿಕ್ ಕೀಬೋರ್ಡ್ ಫೋಲಿಯೊ. ಆದ್ದರಿಂದ ಹೆಸರನ್ನು ನಂಬದೆ, ಸೆಟ್ಟಿಂಗ್ಸ್‌ನ ಜನರಲ್, ಅಬೌಟ್ ವಿಭಾಗದಲ್ಲಿ ಮಾಡೆಲ್ ನಂಬರನ್ನು ಒತ್ತಿದಾಗ ಕಾಣುವ ‘ಎ’ಯಿಂದ ಆರಂಭವಾಗುವ ಸಂಖ್ಯೆಯನ್ನು ಕೀಬೋರ್ಡ್ ಹೊಂದುವ ಮಾಡೆಲ್‌ಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಫೋಲಿಯೊ ನನಗೆ ದುಬಾರಿ ಎನಿಸಿದ್ದರಿಂದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ಸಾಮಾನ್ಯ ಬ್ಲೂಟೂತ್ ಕೀಬೋರ್ಡ್ ತಂದೆ. ಅದಕ್ಕೆ ಪೀಳಿಗೆಯ ಹಂಗಿಲ್ಲ. ಆಗಾಗ ಚಾರ್ಜ್ ಮಾಡಬೇಕು, ಅಷ್ಟೆ. ಕಂಟ್ರೋಲ್ ಮತ್ತು ಸ್ಪೇಸ್ ಕೀಗಳನ್ನು ಒಟ್ಟಿಗೆ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತೇನೆ. ಹಳೆಯದು ಈಗ ಮಗಳ ಐಪ್ಯಾಡಿಗೆ ಅಂಟಿಕೊಂಡಿದೆ.