ಖಾಲಿ ಬಾಟಲಿಗೂ ಗಿರಾಕಿ ಇದ್ದಾನೆ

ಕುಸುಬಿ ಎಣ್ಣೆ ನಮ್ಮ ವಿಜಯಪುರದ ಚಳಿಗೆ ಹೆಪ್ಪುಗಟ್ಟುವುದಿಲ್ಲ. ನಮ್ಮ ಎಣ್ಣೆ ಗಾಣದ ಹೆಸರಿನಲ್ಲಿ ನಕಲಿ ಮಾಲು ಓಡಾಡುತ್ತಿದೆ ಎಂಬುದು ತಿಳಿದದ್ದೇ ಈ ಗುಣದಿಂದ. ಡಿಸೆಂಬರಿನಲ್ಲಿ ಸಿಂದಗಿ ಕಡೆಯ ಗಿರಾಕಿಯೊಬ್ಬರು ಫೋನ್ ಮಾಡಿ, “ಅಕ್ಕನವರೇ, ಎಣ್ಣೆ ಬಾಟಲಿಯ ತಳದಲ್ಲಿ ತುಪ್ಪದ ಹಾಗೆ ಬೆಳ್ಳಗೆ ಕಟ್ಟಿದೆಯಲ್ಲ, ಏನು ತುಂಬಿ ಕಳಿಸಿದ್ದೀರಿ?” ಎಂದು ಕೇಳಿದರು. ಕುಸುಬಿ ಎಣ್ಣೆಯ ಕೊಬ್ಬಿನಲ್ಲಿ ಸುಮಾರು ಮುಕ್ಕಾಲು ಪಾಲು ಲಿನೊಲಿಕ್ ಆಮ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಅದು ನೀರಾಗಿಯೇ ಇರುತ್ತದೆ. ತಂಪಿಗೆ ಹರಳುಗಟ್ಟುವುದು ಪಾಮೋಲಿನ್, ಅಂದರೆ ತಾಳೆ ಎಣ್ಣೆ. ನಮ್ಮ ಗಾಣದ ಹೊಸ್ತಿಲನ್ನು ಪಾಮೋಲಿನ್ ಇದುವರೆಗೆ ದಾಟಿಲ್ಲ.

ಆ ಬಾಟಲಿಯನ್ನು ಬಸ್ಸಿನಲ್ಲಿ ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದೆ. ಬಾಟಲಿ ನಮ್ಮದೇ. ಲೇಬಲ್ ಕೂಡ ನಮ್ಮದೇ, ಬೇರೆಡೆ ಅಚ್ಚು ಹಾಕಿಸಿದ್ದಲ್ಲ. ಆದರೆ ಲೇಬಲ್ಲಿನ ಕೆಳ ಅಂಚು ಎಣ್ಣೆ ಹೀರಿ ಕಂದಾಗಿತ್ತು. ಕತ್ತಿನ ತಿರುಪಿನ ಸಂದಿಯಲ್ಲಿ ಅಡುಗೆಮನೆಯ ಜಿಡ್ಡು, ಜಿಡ್ಡಿಗೆ ಅಂಟಿದ ಧೂಳು. ಬ್ಯಾಚ್ ಸಂಖ್ಯೆಯ ಜಾಗವನ್ನು ಸ್ಪಿರಿಟ್ ಹಾಕಿ ಉಜ್ಜಿದ್ದರಿಂದ ಅಲ್ಲಿ ಲೇಬಲ್ಲಿನ ಹೊಳಪು ಹೋಗಿತ್ತು, ಅದರ ಮೇಲೆ ಹೊಸ ತಾರೀಖು ಒತ್ತಿದ್ದರು. ಮುಚ್ಚಳ ಮಾತ್ರ ಬೇರೆ, ನಮ್ಮ ಹಸಿರಿಗಿಂತ ತುಸು ತಿಳಿ. ಯಾರದೋ ಮನೆಯಲ್ಲಿ ಖಾಲಿಯಾದ ನಮ್ಮ ಬಾಟಲಿಯನ್ನು ಇನ್ಯಾರೋ ಹೆಕ್ಕಿ, ಅಗ್ಗದ ಎಣ್ಣೆ ತುಂಬಿ, ಮರಳಿ ಅಂಗಡಿಯ ಕಪಾಟಿಗೆ ಏರಿಸಿದ್ದರು.

ನಮ್ಮಂಥ ಸಣ್ಣ ಹೆಸರನ್ನೂ ನಕಲು ಮಾಡುತ್ತಾರೆಯೇ ಎಂದು ಬಹಳ ಜನ ಕೇಳುತ್ತಾರೆ. ಮಾಡುತ್ತಾರೆ, ಮತ್ತು ಧೈರ್ಯವಾಗಿಯೇ ಮಾಡುತ್ತಾರೆ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಮಾರುಕಟ್ಟೆ ಸುತ್ತುವ ಆಳುಗಳಿದ್ದಾರೆ. ನಮಗೆ ಇರುವುದು ಒಂದು ಗಾಣ, ಒಂದು ಗಾಡಿ. ಜೊತೆಗೆ ಕುಸುಬಿ ಈಗ ದುಬಾರಿ. ಮುಳ್ಳಿನ ಬೆಳೆ, ಕೊಯ್ಲಿಗೆ ಆಳು ಸಿಗುವುದಿಲ್ಲ ಎಂದು ಎರೆಭೂಮಿಯ ರೈತರು ಒಬ್ಬೊಬ್ಬರಾಗಿ ಕಡಲೆಗೆ, ತೊಗರಿಗೆ ಹೊರಳಿದ್ದಾರೆ. ಗಾಣದ ಕುಸುಬಿ ಎಣ್ಣೆಗೂ ಪಾಮೋಲಿನ್‌ಗೂ ಬೆಲೆಯ ಅಂತರ ಹೆಚ್ಚಿದಷ್ಟೂ ಒಂದೊಂದು ಖಾಲಿ ಬಾಟಲಿಯ ಬೆಲೆ ಏರುತ್ತದೆ.

ಸುದ್ದಿ ಹಬ್ಬಿದ ಕೂಡಲೇ ಹಾಲೊಗ್ರಾಮ್ ಮಾರುವವರು ಬಾಗಿಲಿಗೆ ಬಂದರು. ನಾನು ತೆಗೆದುಕೊಳ್ಳಲಿಲ್ಲ. ಮಿಂಚುವ ಬೆಳ್ಳಿ ಚುಕ್ಕೆ ಯಾವ ಊರಿನಲ್ಲಾದರೂ ಸಿಗುತ್ತದೆ. ಅಸಲಿ ಹಾಲೊಗ್ರಾಮಿನಲ್ಲಿ ಯಾವ ಚಿತ್ರ ಇರಬೇಕು ಎಂಬುದು ಗಿರಾಕಿಗೆ ಗೊತ್ತಿಲ್ಲದಿದ್ದರೆ ಮಿಂಚುವುದೆಲ್ಲ ಅಸಲಿಯೇ. ಅದೂ ಅಲ್ಲದೆ ನಮ್ಮ ಕಳ್ಳ ಬಳಸುತ್ತಿದ್ದದ್ದು ನಮ್ಮದೇ ಹಳೆಯ ಬಾಟಲಿ. ನಾನು ಅದಕ್ಕೆ ಹಾಲೊಗ್ರಾಮ್ ಹಚ್ಚಿದರೆ ಅವನಿಗೆ ಅದೂ ಪುಕ್ಕಟೆ ಸಿಗುತ್ತಿತ್ತು.

ಕ್ಯೂಆರ್ ಕೋಡ್ ಹಾಕಿ ಎಂದವರೂ ಇದ್ದರು. ಔಷಧಗಳಲ್ಲಿ 300 ಬ್ರ್ಯಾಂಡುಗಳಿಗೆ 2023ರ ಆಗಸ್ಟಿನಿಂದ ಅದು ಕಡ್ಡಾಯವಾಗಿದೆ, ನಿಜ. ಎಲ್ಲ ಬಾಟಲಿಗೂ ಒಂದೇ ಕೋಡ್ ಅಚ್ಚು ಹಾಕಿದರೆ ಅದು ಬರೀ ಅಲಂಕಾರ. ಬಾಟಲಿಗೊಂದು ಬೇರೆ ಬೇರೆ ಕೋಡ್ ಇದ್ದರೆ ಮಾತ್ರ ಉಪಯೋಗ. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಮಂದಿ ರೊಟ್ಟಿಯ ಜೊತೆ ಶೇಂಗಾ ಚಟ್ನಿಗೆ ಹಸಿ ಎಣ್ಣೆ ಹಾಕಿಕೊಂಡು ಉಣ್ಣುವ ಹಿರಿಯರು. ಅವರು ಅಂಗಡಿಯಲ್ಲಿ ನಿಂತು ಮೊಬೈಲ್ ತೆಗೆದು ಕೋಡ್ ಹಿಡಿಯುವವರಲ್ಲ. ಹಾಗೆಂದು ಆ ವಿಚಾರವನ್ನು ಪೂರ್ತಿ ಬಿಡಲಿಲ್ಲ, ಬೇರೆ ರೂಪದಲ್ಲಿ ಹಿಡಿದುಕೊಂಡೆ.

ಮೊದಲು ಹೋದದ್ದು ಖಾಲಿ ಬಾಟಲಿಗಳ ಬೆನ್ನು ಹತ್ತಿ. ಮೋಡಕಾ ಅಂಗಡಿಗಳಲ್ಲಿ, ಅಂದರೆ ಗುಜರಿಯವರಲ್ಲಿ, ವಿಚಾರಿಸಿದರೆ ಪ್ಲಾಸ್ಟಿಕ್ಕಿನ ಲೆಕ್ಕ ಕಿಲೋದ ಮೇಲೆ. ಆದರೆ ಲೇಬಲ್ ಕೆಡದ ಎಣ್ಣೆ ಬಾಟಲಿಗಳನ್ನು ಬೇರೆ ಚೀಲದಲ್ಲಿ ಇಟ್ಟಿದ್ದರು, ಅವುಗಳಿಗೆ ಬಿಡಿ ಲೆಕ್ಕ. ಕೊಳ್ಳುವವರು ಯಾರು ಎಂಬುದನ್ನು ಯಾರೂ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಬಾಟಲಿಗಳು ಹೆಚ್ಚಾಗಿ ಬರುತ್ತಿದ್ದದ್ದು ಖಾನಾವಳಿಗಳಿಂದ ಮತ್ತು ಮದುವೆಯ ಅಡುಗೆಮನೆಗಳಿಂದ. ಅಂದಿನಿಂದ ಖಾಲಿ ಬಾಟಲಿಯನ್ನು ನಾವೇ ಕೊಳ್ಳುತ್ತೇವೆ. ಬಾಟಲಿ ತಂದರೆ ಮುಂದಿನ ಖರೀದಿಯಲ್ಲಿ ಐದು ರೂಪಾಯಿ ಕಡಿತ. ಮೋಡಕಾದವರಿಗೆ ಈ ದರ ಕಟ್ಟುವುದಿಲ್ಲ. ಬಂದ ಬಾಟಲಿಗಳ ಕತ್ತು ಕೊಯ್ದ ಮೇಲೆಯೇ ಅವು ಪುಡಿ ಮಾಡುವ ಘಟಕಕ್ಕೆ ಹೋಗುತ್ತವೆ. ನಾನು ಮಾಡಿದ ಖರ್ಚುಗಳಲ್ಲಿ ದುಡ್ಡು ಸಾರ್ಥಕವಾದದ್ದು ಇದರಲ್ಲೇ ಎಂದು ಈಗಲೂ ಹೇಳುತ್ತೇನೆ.

ಎರಡನೆಯದು ಮುಚ್ಚಳ. 1982ರಲ್ಲಿ ಅಮೆರಿಕದ ಶಿಕಾಗೊ ಪ್ರದೇಶದಲ್ಲಿ ಅಂಗಡಿಯ ಕಪಾಟಿನಲ್ಲಿದ್ದ ಟೈಲೆನಾಲ್ ಎಂಬ ನೋವಿನ ಔಷಧದ ಕ್ಯಾಪ್ಸೂಲುಗಳಿಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತರು. ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. ಮುಚ್ಚಳದ ಒಳಗೆ ಬಾಯಿಗೆ ಅಂಟಿದ ತಗಡಿನ ಹಾಳೆ, ಹೊರಗೆ ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ ಇವೆಲ್ಲ ಲೋಕಕ್ಕೆ ಬಳಕೆಯಾದದ್ದು ಆ ಘಟನೆಯ ನಂತರ. ನಾವೂ ಇಂಡಕ್ಷನ್ ಸೀಲ್ ಮಾಡುವ ಕೈಯಂತ್ರ ತಂದೆವು. ಮುಚ್ಚಳದೊಳಗಿನ ಅಲ್ಯುಮಿನಿಯಂ ಹಾಳೆಯನ್ನು ಯಂತ್ರದ ಕಾಂತಕ್ಷೇತ್ರ ಕಾಯಿಸುತ್ತದೆ, ಹಾಳೆಯ ಅಡಿಯ ಪ್ಲಾಸ್ಟಿಕ್ ಪದರ ಕರಗಿ ಬಾಟಲಿಯ ಬಾಯಿಗೆ ಹಿಡಿದುಕೊಳ್ಳುತ್ತದೆ. ಎಣ್ಣೆಯವರಿಗೆ ಇದರಲ್ಲಿ ಒಂದು ಪೇಚು ಇದೆ. ತುಂಬುವಾಗ ಬಾಯಿಯ ಅಂಚಿಗೆ ಒಂದು ಹನಿ ತಗುಲಿದರೂ ಆ ಜಾಗದಲ್ಲಿ ಸೀಲ್ ಹಿಡಿಯುವುದಿಲ್ಲ. ಮೇಲಿನಿಂದ ಸರಿ ಕಾಣುತ್ತದೆ, ಗಾಡಿಯಲ್ಲಿ ಬಾಟಲಿ ಅಡ್ಡ ಬಿದ್ದಾಗ ಸೋರುತ್ತದೆ. ಅದಕ್ಕೆ ತುಂಬುವವರು ಬೇರೆ, ಒಣ ಬಟ್ಟೆಯಿಂದ ಬಾಯಿ ಒರೆಸುವವರು ಬೇರೆ ಎಂದು ಇಬ್ಬರನ್ನು ಕೂರಿಸಿದೆ. ಸೀಲಾದ ಮೇಲೆ ಪ್ರತಿ ಪೆಟ್ಟಿಗೆಯಿಂದ ಒಂದೆರಡು ಬಾಟಲಿಗಳನ್ನು ತಲೆಕೆಳಗಾಗಿ ಕಾಗದದ ಮೇಲೆ ನಿಲ್ಲಿಸಿ ನೋಡುತ್ತೇವೆ.

ಆದರೆ ಸೀಲ್ ಹೇಳುವುದು ಬಾಟಲಿ ತೆರೆದಿದೆಯೋ ಇಲ್ಲವೋ ಎಂಬುದನ್ನಷ್ಟೇ. ಯಾರು ಸೀಲ್ ಮಾಡಿದರು ಎಂಬುದನ್ನು ಅದು ಹೇಳದು. ಕೈಯಂತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಆದ್ದರಿಂದ ಮುಚ್ಚಳದಿಂದ ಬಾಟಲಿಯ ಕತ್ತಿನವರೆಗೆ ಒಂದು ಪಟ್ಟಿ ಸ್ಟಿಕರ್ ಅಂಟಿಸಲು ಶುರು ಮಾಡಿದೆವು, ಕಿತ್ತರೆ ಇಡಿಯಾಗಿ ಬಾರದೆ ಚೂರುಚೂರಾಗುವಂಥದ್ದು. ಅದರ ಮೇಲೆ ಬಾಟಲಿಗೊಂದು ಸಂಖ್ಯೆ ಮತ್ತು ತುಂಬಿದ ತಾರೀಖು. ಇಲ್ಲಿ ಒಂದು ಎಚ್ಚರ: ಪೊಟ್ಟಣ ಸರಕುಗಳ 2011ರ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳನ್ನು ಬಿಡಿ ಸ್ಟಿಕರ್ ಹಚ್ಚಿ ತೋರಿಸುವಂತಿಲ್ಲ. ಹಾಗಾಗಿ ತಾರೀಖು, ಬೆಲೆ, ತೂಕ, ವಿಳಾಸ ಎಲ್ಲ ಲೇಬಲ್ಲಿನ ಮೇಲೇ ಇರುತ್ತವೆ. ಸ್ಟಿಕರಿನ ತಾರೀಖು ಎರಡನೆಯ ಸಾಕ್ಷಿ. ಲೇಬಲ್ಲಿನದನ್ನು ಉಜ್ಜಿ ತಿದ್ದಿದರೆ ಸ್ಟಿಕರಿನದು ತಾಳೆಯಾಗುವುದಿಲ್ಲ. ನಕಲಿ ತುಂಬುವವರಷ್ಟೇ ಅಲ್ಲ, ಅವಧಿ ಮೀರಿದ ಮಾಲಿಗೆ ಹೊಸ ತಾರೀಖು ಒತ್ತುವ ಅಂಗಡಿಯವರೂ ಇದರಿಂದ ಸಿಕ್ಕಿಬೀಳುತ್ತಾರೆ. ಕುಸುಬಿ ಎಣ್ಣೆ ಬೇಗ ಕಮಟುವ ಎಣ್ಣೆ, ಹಳೆಯದಾದರೆ ವಾಸನೆಯೇ ಹೇಳುತ್ತದೆ. ಆ ವಾಸನೆಯ ಶಾಪ ಬೀಳುವುದು ಅಂಗಡಿಗಲ್ಲ, ಲೇಬಲ್ಲಿನ ಮೇಲಿನ ಹೆಸರಿಗೆ. ಆದ್ದರಿಂದ ಅವಧಿ ಮುಗಿದ ಮಾಲನ್ನು ಮಾತಿಲ್ಲದೆ ವಾಪಸ್ ತೆಗೆದುಕೊಳ್ಳುತ್ತೇವೆ.

ಸಂಖ್ಯೆಗಳಿಗೆ ಒಂದು ಖಾತೆ ಪುಸ್ತಕ ಇಟ್ಟೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಇಂಡಿಗೆ, ಯಾವುದು ಬಸವನ ಬಾಗೇವಾಡಿಗೆ, ಯಾವುದು ಜಮಖಂಡಿಗೆ, ಯಾವ ಅಂಗಡಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಲೇಬಲ್ಲಿನ ಮೇಲೆ ಗ್ರಾಹಕರ ದೂರಿಗಾಗಿ ಫೋನ್ ಸಂಖ್ಯೆ ಹೇಗೂ ಹಾಕಲೇಬೇಕು. ಅದರ ಪಕ್ಕದಲ್ಲೇ, ಮುಚ್ಚಳದ ಮೇಲಿನ ಸಂಖ್ಯೆಯನ್ನು ಈ ಫೋನಿಗೆ ಕಳಿಸಿ, ಯಾವ ಅಂಗಡಿಗೆ ಕೊಟ್ಟದ್ದೆಂದು ಹೇಳುತ್ತೇವೆ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿದೆ. ಕಳಿಸುವವರು ಕೆಲವರೇ, ಆದರೆ ಅಷ್ಟೇ ಸಾಕಾಯಿತು. ಒಂದೇ ಸಂಖ್ಯೆ ಎರಡು ಊರಿನಿಂದ ಬಂದರೆ ಯಾರೋ ಸ್ಟಿಕರ್ ನಕಲು ಮಾಡಿಸಿದ್ದಾರೆ ಎಂದರ್ಥ. ಇಂಡಿಗೆ ಹೋದ ಸಂಖ್ಯೆ ಮುದ್ದೇಬಿಹಾಳದಲ್ಲಿ ಕಂಡರೆ ಮಾಲು ಅಸಲಿ, ದಾರಿ ಕಳ್ಳದಾರಿ. ಹಾಗೆ ಎಳೆ ಹಿಡಿದು ಹೋದಾಗ ನಕಲಿ ಬಾಟಲಿಗಳು ಸಿಕ್ಕ ಅಂಗಡಿಗಳೆಲ್ಲ ಒಬ್ಬನೇ ಗಾಡಿ ವ್ಯಾಪಾರಿಯ ಸರಹದ್ದಿನಲ್ಲಿ ಬರುತ್ತಿದ್ದವು. ಅವನು ಬಿಲ್ ಇಲ್ಲದೆ, ನಮ್ಮ ದರಕ್ಕಿಂತ ಕಡಿಮೆಗೆ ಹಾಕುತ್ತಿದ್ದ. ಒಬ್ಬ ಅಂಗಡಿಯವರು ನನ್ನ ಮುಖಕ್ಕೇ ಹೇಳಿದರು: “ಬಾಟಲಿ ನಿಮ್ಮದು, ಲೇಬಲ್ ನಿಮ್ಮದು, ದರ ಕಡಿಮೆ. ನಾನು ಯಾಕೆ ಅನುಮಾನ ಪಡಲಿ?” ಅವರ ಮಾತಿನಲ್ಲಿ ಅರ್ಧ ಸುಳ್ಳಿತ್ತು, ಅರ್ಧ ನ್ಯಾಯವೂ ಇತ್ತು. ನಮ್ಮ ಬಿಲ್ ಇಲ್ಲದ ಮಾಲು ಕಂಡರೆ ಸರಬರಾಜು ಬಂದ್ ಎಂದು ಅಂದಿನಿಂದ ಎಲ್ಲರಿಗೂ ಬರೆದುಕೊಟ್ಟಿದ್ದೇವೆ.

ಈ ಹಂತದಲ್ಲಿ ನೆಂಟರಿಷ್ಟರೆಲ್ಲ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕು ಎಂದರು. ನಾನು ಒಪ್ಪಲಿಲ್ಲ. “ಆ ಎಣ್ಣೆ ನಕಲಿಯಂತೆ” ಎಂಬಷ್ಟೇ ಮಾತು ಊರೂರು ತಿರುಗುತ್ತದೆ. ಯಾವುದು ನಕಲಿ ಎಂಬ ವಿವರ ದಾರಿಯಲ್ಲೇ ಉದುರಿಹೋಗುತ್ತದೆ. ಬದಲಿಗೆ ಅಂಗಡಿಗಳಲ್ಲಿ ಒಂದು ಚೀಟಿ ಅಂಟಿಸಿದೆವು: ಸ್ಟಿಕರ್ ಹರಿದಿದ್ದರೆ ಕೊಳ್ಳಬೇಡಿ, ಅನುಮಾನ ಬಂದರೆ ಒಂದು ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ನೋಡಿ. ಸೋಯಾ ಅಥವಾ ಸೂರ್ಯಕಾಂತಿ ಬೆರೆಸಿದ್ದರೆ ಫ್ರಿಜ್ಜಿನ ಪರೀಕ್ಷೆ ಹಿಡಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಪಾಮೋಲಿನ್ ಬೆರೆತದ್ದೂ ಅಲ್ಲಿ ಅಂಕಿಯಲ್ಲೇ ಗೊತ್ತಾಗುತ್ತದೆ: ಎಣ್ಣೆ ಎಷ್ಟು ಅಯೋಡಿನ್ ಹೀರುತ್ತದೆ ಎಂಬ ಅಳತೆ, ಅಂದರೆ ಅಯೋಡಿನ್ ಮೌಲ್ಯ, ಕುಸುಬಿ ಎಣ್ಣೆಗೆ 135ರಿಂದ 148ರೊಳಗೆ ಇರಬೇಕು, ಪಾಮೋಲಿನ್‌ನದು 60ರ ಆಸುಪಾಸು. ಆಹಾರ ಸುರಕ್ಷತೆಯ 2006ರ ಕಾಯ್ದೆಯ 40ನೆಯ ಕಲಮಿನಡಿ ಕೊಂಡವರು ಯಾರೇ ಆಗಲಿ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅನುಮಾನ ಬಂದ ಅಂಗಡಿಗಳಲ್ಲಿ ನಾವು ಬಿಲ್ ಕೇಳಿ ಕೊಂಡ ಬಾಟಲಿಗಳನ್ನು ತೆರೆಯದೆ, ಇಬ್ಬರು ಪಂಚರ ಸಹಿ ಹಾಕಿಸಿ ಇಟ್ಟಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕಾನೂನಿನ ದಾರಿಯ ಬಗ್ಗೆ ತುಸು ಬಿಡಿಸಿ ಹೇಳಬೇಕು, ಏಕೆಂದರೆ ಸಣ್ಣ ಉದ್ಯಮದವರು ಎಡವುವುದು ಇಲ್ಲೇ. ಹೆಸರನ್ನು ನಾವು 29ನೆಯ ವರ್ಗದಲ್ಲಿ, ಅಂದರೆ ಖಾದ್ಯ ತೈಲದ ವರ್ಗದಲ್ಲಿ, ಟ್ರೇಡ್‌ಮಾರ್ಕ್ ಮಾಡಿಸಿದ್ದೆವು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ; ಸಣ್ಣ ಉದ್ಯಮವೆಂದು ಉದ್ಯಮ್ ಪ್ರಮಾಣಪತ್ರ ತೋರಿಸಿದರೆ ಆನ್‌ಲೈನ್ ಅರ್ಜಿಯ ಶುಲ್ಕ ₹4,500. ಊರಿನ ಹೆಸರು, ಸರಕಿನ ಹೆಸರು ಎರಡನ್ನೇ ಜೋಡಿಸಿ “ವಿಜಯಪುರ ಕುಸುಬಿ ಎಣ್ಣೆ” ಎಂದು ಕೇಳಿದರೆ ಸಿಗುವುದು ಕಷ್ಟ, ಅದು ಎಲ್ಲರ ಸೊತ್ತು. ಸಿಕ್ಕ ನೋಂದಣಿ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಇಷ್ಟೆಲ್ಲ ಇದ್ದರೂ ದಾಳಿಯ ಮಾತು ಬಂದಾಗ ಟ್ರೇಡ್‌ಮಾರ್ಕ್ ನಿಧಾನದ ಅಸ್ತ್ರ. 1999ರ ಕಾಯ್ದೆಯ 115ನೆಯ ಕಲಮಿನ ಪ್ರಕಾರ ವಾರಂಟ್ ಇಲ್ಲದೆ ಜಪ್ತಿ ಮಾಡಲು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಅಧಿಕಾರವಿಲ್ಲ, ಅವರೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಅಷ್ಟರಲ್ಲಿ ಗೋದಾಮು ಖಾಲಿ.

ಲೇಬಲ್ಲಿನ ಚಿತ್ರ ಕೃತಿಸ್ವಾಮ್ಯದ ಅಡಿಯಲ್ಲೂ ಬರುತ್ತದೆ. 1957ರ ಆ ಕಾಯ್ದೆಯ 64ನೆಯ ಕಲಮಿನಡಿ ಸಬ್ ಇನ್‌ಸ್ಪೆಕ್ಟರ್ ಕೂಡ ನಕಲು ಪ್ರತಿಗಳನ್ನು ಜಪ್ತಿ ಮಾಡಬಹುದು. ಆ ಅಪರಾಧದಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು, ಅದು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ನಿಮ್ಮ ಲೇಬಲ್ ನಿಮ್ಮದೇ ಎಂದು ತೋರಿಸಬೇಕಲ್ಲ! ಮುದ್ರಣಾಲಯದ ಹುಡುಗ ಬಿಡಿಸಿದ ಚಿತ್ರಕ್ಕೆ ನೀವು ಹಣ ಕೊಟ್ಟ ಮಾತ್ರಕ್ಕೆ ಅದರ ಹಕ್ಕು ನಿಮಗೆ ಬರುವುದಿಲ್ಲ. ಲಿಖಿತ ವರ್ಗಾವಣೆ ಬೇಕು. ನಮ್ಮ ವಕೀಲರು ಇದನ್ನು ಮೊದಲೇ ಛಾಪಾ ಕಾಗದದ ಮೇಲೆ ಬರೆಸಿ ಇಟ್ಟಿದ್ದರು. ಹಳೆಯ ಅಸಲಿ ಲೇಬಲ್ಲನ್ನೇ ಮರುಬಳಸಿದವನ ಮೇಲೆ ಕೃತಿಸ್ವಾಮ್ಯ ನಡೆಯುವುದಿಲ್ಲ, ಅವನು ಏನನ್ನೂ ನಕಲು ಮಾಡಿಲ್ಲವಲ್ಲ. ನಾವು ಹಳೆಯ ಬಾಟಲಿಗಳ ದಾರಿ ಕಟ್ಟಿದ ಮೇಲೆ ಅವನು ಲೇಬಲ್ ಅಚ್ಚು ಹಾಕಿಸಲು ಹೋದ, ಆಗ ಈ ಕಲಂ ಕೆಲಸಕ್ಕೆ ಬಂತು. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಇನ್ನೂ ಪೂರ್ತಿ ಬಗೆಹರಿಯದಿರುವುದು 15 ಕಿಲೋ ಡಬ್ಬಿ. ಒಮ್ಮೆ ಬಳಸಿದ ತಗಡಿನ ಡಬ್ಬಿಗೆ ಮತ್ತೆ ಖಾದ್ಯ ತೈಲ ತುಂಬಬಾರದು ಎಂದು ನಿಯಮವಿದೆ. ಆದರೆ ನಮ್ಮ ಕಡೆ ಖಾಲಿ ಡಬ್ಬಿ ಜೋಳಕ್ಕೆ, ನೀರಿಗೆ, ತುಳಸಿ ಗಿಡಕ್ಕೆ ಎಲ್ಲದಕ್ಕೂ ಬೇಕು, ಅದರ ನೆವದಲ್ಲಿ ಎಣ್ಣೆಗೂ ಹೋಗುತ್ತದೆ. ನಾವು ಈಗ ಖಾನಾವಳಿಗೆ ಡಬ್ಬಿ ಕೊಟ್ಟರೆ ಅವರ ಎದುರಿಗೇ ತೆರೆದು ಅವರ ಪಾತ್ರೆಗೆ ಸುರಿದು, ಮೇಲಿನ ತಗಡಿಗೆ ಅಡ್ಡ ಕೊಯ್ದು, ಡಬ್ಬಿಯನ್ನು ಗಾಡಿಯಲ್ಲೇ ವಾಪಸ್ ತರುತ್ತೇವೆ. ಮದುವೆಯ ಅಡುಗೆಗೆ ಇದು ನಡೆಯುವುದಿಲ್ಲ, ಅಲ್ಲಿ ಡಬ್ಬಿ ಯಾರ ಕೈಗೆ ಹೋಯಿತೆಂದು ಕಾಯುತ್ತ ನಿಲ್ಲಲು ಆಗದು. ಕಲ್ಯಾಣ ಮಂಟಪಗಳಿಗೆ ಸ್ಟಿಕರ್ ಇರುವ ಐದು ಲೀಟರಿನ ಕ್ಯಾನ್ ಮಾತ್ರ ಕೊಡುತ್ತೇವೆ. ದರ ತುಸು ಹೆಚ್ಚಾಗುತ್ತದೆ, ಅಡುಗೆಯವರು ಗೊಣಗುತ್ತಾರೆ. ಡಬ್ಬಿಯೇ ಬೇಕು ಎನ್ನುವವರ ಆರ್ಡರ್ ಬಿಟ್ಟುಬಿಡುತ್ತೇವೆ.