ಬೆಳಗಿನ ಅಂಕಿ: ಕ್ಯಾಂಪರ್‌ನಲ್ಲಿ ಬ್ಯಾಟರಿ, ಸೋಲಾರ್ ನಿಭಾಯಿಸುವುದು

ಕ್ಯಾಂಪರ್‌ನಲ್ಲಿ, ಅಂದರೆ ವಾಸಕ್ಕೆ ಸಜ್ಜಾದ ಗಾಡಿಯಲ್ಲಿ, ದಿನಕ್ಕೆ ಒಂದೇ ಸಲ ಬ್ಯಾಟರಿ ಎಷ್ಟು ಪರ್ಸೆಂಟ್ ಇದೆ ಎಂದು ನೋಡುವುದಾದರೆ ಬೆಳಿಗ್ಗೆ ನೋಡಿ, ಪ್ಯಾನೆಲ್ ಮೇಲೆ ಬಿಸಿಲು ಬೀಳುವ ಮುಂಚೆ. ರಾತ್ರಿಯಿಡೀ ಫ್ರಿಜ್, ಫ್ಯಾನ್ ಓಡಿರುತ್ತವೆ, ಚಾರ್ಜ್ ಏನೂ ಬಂದಿರುವುದಿಲ್ಲ. ದಿನದ ಅತಿ ಕಡಿಮೆ ಅಂಕಿ ಅದೇ. ಸಂಜೆ 100 ಕಂಡರೆ ಖುಷಿಯಾಗುತ್ತದೆ ನಿಜ, ಆದರೆ ಅದರಿಂದ ಗೊತ್ತಾಗುವುದು ಕಡಿಮೆ.

ನನ್ನ ಗಾಡಿಯಲ್ಲಿರುವುದು 200 ಆಂಪ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಮೇಲ್ಛಾವಣಿಗೆ ಚಪ್ಪಟೆಯಾಗಿ ಕೂರಿಸಿದ 300 ವ್ಯಾಟ್ ಪ್ಯಾನೆಲ್, ಪ್ಯಾನೆಲ್‌ನಿಂದ ಆದಷ್ಟೂ ಹೆಚ್ಚು ವಿದ್ಯುತ್ ಎಳೆದು ಬ್ಯಾಟರಿಗೆ ತುಂಬಿಸುವ ಒಂದು ಎಂಪಿಪಿಟಿ ಕಂಟ್ರೋಲರ್. 12.8 ವೋಲ್ಟ್ ಲೆಕ್ಕದಲ್ಲಿ ಬ್ಯಾಟರಿ ಹಿಡಿಸುವುದು ಸುಮಾರು 2,560 ವ್ಯಾಟ್ ಅವರ್. ದಿನದ ಖರ್ಚಿನಲ್ಲಿ ಫ್ರಿಜ್‌ಗೇ 450ರಷ್ಟು ಹೋಗುತ್ತದೆ, ಲ್ಯಾಪ್‌ಟಾಪ್‌ಗೆ 300, ಫ್ಯಾನ್‌ಗೆ 200, ದೀಪ, ಫೋನು, ನೀರಿನ ಪಂಪ್ ಎಲ್ಲ ಸೇರಿ 100. ಒಳ್ಳೆ ಬಿಸಿಲಿದ್ದರೆ ಅಷ್ಟೇ ವಾಪಸ್ ಬರುತ್ತದೆ. ಮೋಡ ಕವಿದರೆ ಕಾಲು ಭಾಗವೂ ಬರದಿರಬಹುದು.

ದಿನದ ಖರ್ಚಿನಲ್ಲಿ ಅರ್ಧದಷ್ಟು ರಾತ್ರಿ ಹೋಗುತ್ತದೆ, ಹಾಗಾಗಿ ಸಂಜೆ ತುಂಬಿದ್ದ ಬ್ಯಾಟರಿ ಬೆಳಿಗ್ಗೆ 80 ಪರ್ಸೆಂಟ್ ಹತ್ತಿರ ಇರಬೇಕು. 60ಕ್ಕಿಂತ ಮೇಲಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 40ರಿಂದ 60ರ ಒಳಗಿದ್ದರೆ ಲ್ಯಾಪ್‌ಟಾಪ್ ಕೆಲಸ ಬಿಸಿಲೇರಿದ ಮೇಲೆ. 40ಕ್ಕಿಂತ ಕೆಳಗೆ ಹೋದರೆ ಗಾಡಿ ಓಡಿಸಬೇಕು, ಇಲ್ಲವೇ ಎಲ್ಲಾದರೂ ಪ್ಲಗ್ ಹುಡುಕಬೇಕು. ನಿಮ್ಮ ಗಡಿ ಬೇರೆ ಇರಬಹುದು, ಆದರೆ ಗಡಿ ಅಂತ ಒಂದು ಇರಲಿ. ಲೆಡ್ ಆಸಿಡ್ ಬ್ಯಾಟರಿ ಇದ್ದವರು 50ಕ್ಕಿಂತ ಕೆಳಗಿಳಿಸದಿದ್ದರೆ ಒಳ್ಳೆಯದು. ಪದೇ ಪದೇ ಪೂರ್ತಿ ಇಳಿಸಿದರೆ, ಅರ್ಧ ಚಾರ್ಜ್‌ನಲ್ಲೇ ಬಿಟ್ಟರೆ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಈ ಪರ್ಸೆಂಟ್ ಬರುವುದು ಎಲ್ಲಿಂದ? ವೋಲ್ಟೇಜ್‌ನಿಂದ ಅಂತೂ ಅಲ್ಲ. ಲೆಡ್ ಆಸಿಡ್‌ನಲ್ಲಿ 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ ಎಂದು ಹೇಳಬಹುದು, ಅದೂ ಕೆಲವು ಗಂಟೆ ಏನೂ ಎಳೆಯದೆ, ಏನೂ ತುಂಬಿಸದೆ ಬಿಟ್ಟರೆ ಮಾತ್ರ. ಕ್ಯಾಂಪರ್‌ನಲ್ಲಿ ವಾಸ ಇರುವವರಿಗೆ ಅಂಥ ಗಂಟೆ ಎಲ್ಲಿ ಸಿಗುತ್ತದೆ? ಲಿಥಿಯಂನಲ್ಲಿ ಇನ್ನೂ ಕಷ್ಟ. 70 ಪರ್ಸೆಂಟ್‌ಗೆ 13.2 ತೋರಿಸಿದರೆ 40ಕ್ಕೆ 13.1 ತೋರಿಸುತ್ತದೆ. ಫ್ರಿಜ್‌ನ ಕಂಪ್ರೆಸರ್ ಶುರುವಾದರೆ ಸಾಕು, ಆ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗುತ್ತದೆ.

ಅದಕ್ಕೇ ಷಂಟ್ ಇರುವ ಮಾನಿಟರ್ ಬೇಕು. ಷಂಟ್ ಅಂದರೆ ಬ್ಯಾಟರಿಗೆ ಬರುವ, ಅಲ್ಲಿಂದ ಹೋಗುವ ಕರೆಂಟ್ ಅಳೆಯುವ ಸಣ್ಣ ಭಾಗ, ಬಾಗಿಲಲ್ಲಿ ಕೂತು ಬಂದವರನ್ನು, ಹೋದವರನ್ನು ಎಣಿಸುವ ಕಾವಲುಗಾರ. ಹಿತ್ತಿಲ ಬಾಗಿಲು ತೆರೆದಿದ್ದರೆ ಅವನ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯಿಂದ ಷಂಟ್‌ಗೆ ಒಂದೇ ಕೇಬಲ್ ಹೋಗಬೇಕು. ಮಿಕ್ಕ ಎಲ್ಲ ನೆಗೆಟಿವ್ ತಂತಿಗಳು, ಇನ್ವರ್ಟರ್, ಸೋಲಾರ್ ಕಂಟ್ರೋಲರ್, ಚಾಸಿಸ್ ಅರ್ತ್ ಸೇರಿಸಿ, ಷಂಟ್‌ನ ಇನ್ನೊಂದು ಬದಿಗೆ ಬರಬೇಕು. ಯಾವುದೋ ಒಂದು ತಂತಿ ನೇರ ಬ್ಯಾಟರಿಗೆ ಹೋಗಿದ್ದರೆ ಅದು ಎಳೆಯುವುದು ಲೆಕ್ಕಕ್ಕೇ ಸಿಗುವುದಿಲ್ಲ.

ಮಾನಿಟರ್‌ನ ಸೆಟ್ಟಿಂಗ್‌ಗಳನ್ನು ಫ್ಯಾಕ್ಟರಿಯಿಂದ ಬಂದ ಹಾಗೇ ಬಿಡಬೇಡಿ. ಕೆಪ್ಯಾಸಿಟಿ ಸರಿಯಾಗಿ ಹಾಕಿ. ಲಿಥಿಯಂಗೆ ಪ್ಯೂಕರ್ಟ್ (ಜೋರಾಗಿ ಎಳೆದಾಗ ಬ್ಯಾಟರಿ ಎಷ್ಟು ಕಡಿಮೆ ಕೊಡುತ್ತದೆ ಎಂಬ ಅಂಕಿ) 1.05, ಚಾರ್ಜ್ ಎಫಿಶಿಯೆನ್ಸಿ (ತುಂಬಿಸಿದ್ದರಲ್ಲಿ ವಾಪಸ್ ಸಿಗುವ ಪಾಲು) 99 ಪರ್ಸೆಂಟ್ ಇಡಬಹುದು. ‘ಚಾರ್ಜ್ಡ್ ವೋಲ್ಟೇಜ್’ (ಇದನ್ನು ದಾಟಿದರೆ ಬ್ಯಾಟರಿ ತುಂಬುತ್ತಿದೆ ಎಂದು ಮಾನಿಟರ್ ಎಣಿಸುತ್ತದೆ) ನಿಮ್ಮ ಕಂಟ್ರೋಲರ್ ಚಾರ್ಜಿಂಗ್‌ನ ಕೊನೆ ಹಂತದಲ್ಲಿ ಹಿಡಿದಿಡುವ ಅಬ್ಸಾರ್ಪ್ಷನ್ ವೋಲ್ಟೇಜ್‌ಗಿಂತ 0.2 ಕಡಿಮೆ ಇರಲಿ, ಅಂದರೆ ಅಲ್ಲಿ 14.2 ಇದ್ದರೆ ಇಲ್ಲಿ 14.0. ಟೇಲ್ ಕರೆಂಟ್, ಅಂದರೆ ಚಾರ್ಜ್ ಕರೆಂಟ್ ಎಷ್ಟಕ್ಕೆ ಇಳಿದರೆ ತುಂಬಿತು ಎಂದು ಎಣಿಸಬೇಕು ಎಂಬುದು, ಕೆಪ್ಯಾಸಿಟಿಯ 4 ಪರ್ಸೆಂಟ್, ನನ್ನ ಬ್ಯಾಟರಿಗೆ 8 ಆಂಪ್. ಇದರಲ್ಲಿ ಒಂದು ಕಿತಾಪತಿ ಇದೆ. ಬ್ಯಾಟರಿ ತುಂಬುವ ಹಂತದಲ್ಲಿ ಮೋಡ ಅಡ್ಡ ಬಂದರೆ ಕರೆಂಟ್ ಇಳಿಯುತ್ತದೆ, ವೋಲ್ಟೇಜ್ ಇನ್ನೂ ಮೇಲೇ ಇರುತ್ತದೆ. ‘ತುಂಬಿತು’ ಎಂದುಕೊಂಡು ಮಾನಿಟರ್ 100ಕ್ಕೆ ಹಾರಿಬಿಡುತ್ತದೆ. ಅಂಕಿ ಹೀಗೆ ಪದೇ ಪದೇ ಹಾರುತ್ತಿದ್ದರೆ ಟೇಲ್ ಕರೆಂಟ್ ತಗ್ಗಿಸಿ, ಅದು ಎಷ್ಟು ಹೊತ್ತು ಕಾದು ನೋಡಬೇಕು ಎಂಬ ಸಮಯವನ್ನು ಜಾಸ್ತಿ ಮಾಡಿ. ಎರಡು ವಾರಕ್ಕೊಮ್ಮೆಯಾದರೂ ಬ್ಯಾಟರಿಯನ್ನು ನಿಜವಾಗಿಯೂ ತುಂಬಿಸಿ. ಸಣ್ಣ ಸಣ್ಣ ಕರೆಂಟ್‌ಗಳ ಲೆಕ್ಕ ತಪ್ಪಿ ಅಂಕಿ ಮೆಲ್ಲಗೆ ಜಾರಿರುತ್ತದೆ, ಅದು ಸರಿಹೋಗುತ್ತದೆ. ಸೆಲ್‌ಗಳೂ ಸಮವಾಗುತ್ತವೆ.

ಇನ್ನು ಬಿಸಿಲಿನ ಖರ್ಚು. ಮಧ್ಯಾಹ್ನ ಉರಿಬಿಸಿಲಿದ್ದರೂ ಪ್ಯಾನೆಲ್ 60 ವ್ಯಾಟ್ ತೋರಿಸಿದರೆ ಗಾಬರಿ ಬೇಡ. ಬ್ಯಾಟರಿ ತುಂಬಿದೆ, ಕಂಟ್ರೋಲರ್ ತಾನೇ ಕಡಿಮೆ ಎಳೆಯುತ್ತಿದೆ. ಉಳಿದದ್ದು ಸುಮ್ನೆ ಪೋಲು, ಅಲ್ವಾ? ಆ ಹೊತ್ತಿಗೇ ನಾನು ಎಲ್ಲ ಚಾರ್ಜ್‌ಗೆ ಹಾಕುತ್ತೇನೆ, ಫ್ರಿಜ್‌ನ ಥರ್ಮೋಸ್ಟಾಟ್ ಒಂದೆರಡು ಡಿಗ್ರಿ ಇಳಿಸುತ್ತೇನೆ. ಸಂಜೆ ವಾಪಸ್ ಏರಿಸಿದರೆ ರಾತ್ರಿ ಕಂಪ್ರೆಸರ್‌ಗೆ ಸ್ವಲ್ಪ ಬಿಡುವು. ವಿದ್ಯುತ್ ಕೆಟಲ್‌ಗೂ ಅದೇ ಸಮಯ. 1,500 ವ್ಯಾಟ್ ಕೆಟಲ್ ಇನ್ವರ್ಟರ್ ಮೂಲಕ 130 ಆಂಪ್ ಎಳೆಯುತ್ತದೆ, ಕೇಬಲ್, ಫ್ಯೂಸ್, ಬ್ಯಾಟರಿ ಮೂರೂ ಅದನ್ನು ತಾಳಿಕೊಳ್ಳಬೇಕು. ಆದರೂ ಐದಾರು ನಿಮಿಷದ ಕೆಲಸ, 150 ವ್ಯಾಟ್ ಅವರ್‌ನಲ್ಲಿ ಮುಗಿಯುತ್ತದೆ. ರೂಮ್ ಹೀಟರ್ ಆಸೆ ಮಾತ್ರ ಬಿಟ್ಟುಬಿಡಿ.

ನಿಜವಾಗಿ ತಿನ್ನುವುದು ಇನ್ವರ್ಟರ್, ಏನೂ ಕೆಲಸ ಮಾಡದೆ. ಖಾಲಿ ಓಡುವಾಗಲೂ 10ರಿಂದ 20 ವ್ಯಾಟ್ ಎಳೆದರೆ ದಿನಕ್ಕೆ 240ರಿಂದ 480 ವ್ಯಾಟ್ ಅವರ್ ಆಯಿತು. ಫ್ರಿಜ್‌ನಷ್ಟೇ! ಲ್ಯಾಪ್‌ಟಾಪ್‌ಗೆ 12 ವೋಲ್ಟ್‌ನ ಯುಎಸ್‌ಬಿ-ಸಿ ಚಾರ್ಜರ್ ಹಾಕಿಕೊಂಡು ಇನ್ವರ್ಟರ್ ಆಫ್ ಮಾಡಿ.

ಗಾಡಿ ನಿಲ್ಲಿಸುವಾಗ ಕೊಂಬೆ, ಆಂಟೆನಾ ನೆರಳು ನೋಡಿ. ಪ್ಯಾನೆಲ್‌ನ ಸೆಲ್‌ಗಳು ಸಾಲಾಗಿ ಸೇರಿರುವುದರಿಂದ ಒಂದು ಮೂಲೆಯ ನೆರಳೂ ದೊಡ್ಡ ಹೊಡೆತ ಕೊಡಬಲ್ಲದು.

ಚಳಿ ಜಾಗಕ್ಕೆ ಹೋಗುವವರು ಗಮನಿಸಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು, ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಬ್ಯಾಟರಿ ಗಾಡಿಯೊಳಗೇ ಇರಲಿ, ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್‌ನಲ್ಲಿ ಚಳಿಗೆ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇದೆಯಾ ಎಂದು ಕೊಳ್ಳುವಾಗಲೇ ಕೇಳಿ. ವೈರಿಂಗ್ ಮಾಡುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ.

ಮೋಡದ ವಾರಕ್ಕೆ ಉಪಾಯ ಎಂಜಿನ್. ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್‌ನಿಂದ ಲಿಥಿಯಂಗೆ ನೇರ ತಂತಿ ಎಳೆಯಬೇಡಿ, ಬ್ಯಾಟರಿ ಒಂದೇ ಸಮನೆ ಎಳೆದು ಆಲ್ಟರ್ನೇಟರ್ ಸುಟ್ಟುಹೋಗಬಹುದು. ನಡುವೆ ಕರೆಂಟ್‌ಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇರಲಿ. 30 ಆಂಪ್‌ನದು ಹಾಕಿದರೆ ಎರಡು ಗಂಟೆ ಓಡಿಸಿದಾಗ 60 ಆಂಪ್ ಅವರ್, ನನ್ನ ಬ್ಯಾಟರಿಯಲ್ಲಿ 30 ಪರ್ಸೆಂಟ್. ಹೇಗೂ ನೀರು ತುಂಬಿಸಲು, ಸಾಮಾನು ತರಲು ಗಾಡಿ ತೆಗೆಯಲೇಬೇಕಲ್ಲ, ಆ ಓಡಾಟವನ್ನು ಮೋಡದ ದಿನಕ್ಕೇ ಇಟ್ಟುಕೊಳ್ಳುತ್ತೇನೆ.